ರಿಲೀವರ್ ಬಂದಿಲ್ಲ, ಇನ್ನೊಂದು ಶಿಫ್ಟ್ ಮಾಡು ಅಂದರೆ ಆಗಲ್ಲ ಅನ್ನಬಹುದಾ?

ಪ್ಯಾಕಿಂಗ್ ಸೆಕ್ಷನ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಪರ್ಮನೆಂಟ್ ಆಗಿ ಆರು ವರ್ಷ ಆಯಿತು. ನಮ್ಮಲ್ಲಿ ಮೂರು ಶಿಫ್ಟ್. ಕಳೆದ ನಾಲ್ಕು ತಿಂಗಳಿಂದ ಒಂದು ಹೊಸ ಪಾಡು ಶುರುವಾಗಿದೆ. ಶಿಫ್ಟ್ ಮುಗಿಯಲು ಹತ್ತು ನಿಮಿಷ ಇರುವಾಗ ಸೂಪರ್‌ವೈಸರ್ ಬರುತ್ತಾರೆ. "ರಿಲೀವರ್ ಬಂದಿಲ್ಲ, ನೀನೇ ಮುಂದುವರಿಸು" ಅನ್ನುತ್ತಾರೆ. ರಿಲೀವರ್ ಅಂದರೆ ಮುಂದಿನ ಶಿಫ್ಟಿಗೆ ನನ್ನ ಜಾಗಕ್ಕೆ ಬರಬೇಕಾದವನು. ವಾರಕ್ಕೆ ಎರಡು ಸಲ ಅಂತೂ ಇದ್ದೇ ಇದೆ. ಹೋದ ವಾರ ರಾತ್ರಿ 10ಕ್ಕೆ ಒಳಗೆ ಹೋದವನು ಮರುದಿನ ಮಧ್ಯಾಹ್ನ 2ಕ್ಕೆ ಹೊರಗೆ ಬಂದೆ. ಅದೇ ರಾತ್ರಿ ಮತ್ತೆ 10ಕ್ಕೆ ಡ್ಯೂಟಿ. ಮನೆಗೆ ಬರುವಾಗ ಸಿಗ್ನಲ್‌ನಲ್ಲಿ ಬೈಕ್ ಮೇಲೇ ಕಣ್ಣು ಮುಚ್ಚಿಹೋಯಿತು. ಹಿಂದಿನವರು ಹಾರ್ನ್ ಹೊಡೆದಾಗ ಎಚ್ಚರ ಆಯಿತು. ಅವತ್ತು ನಿಜವಾಗಿ ಹೆದರಿಕೆ ಆಯಿತು.

ದುಡ್ಡೂ ಸರಿಯಾಗಿ ಬರುತ್ತಿಲ್ಲ. ಎರಡನೇ ಶಿಫ್ಟಿಗೆ ಒಂದು ದಿನದ ಸಂಬಳ ಮಾತ್ರ ಸೇರಿಸುತ್ತಾರೆ. "ರಾತ್ರಿ ಕಳೆದು ಡೇಟ್ ಬದಲಾಯಿತಲ್ಲ, ಅದು ಹೊಸ ಶಿಫ್ಟ್, ಓಟಿ (ಓವರ್‌ಟೈಮ್) ಅಲ್ಲ" ಅಂತಾರೆ. ಆಗಲ್ಲ ಅಂದರೆ ಶೋಕಾಸ್ (ಕಾರಣ ಕೇಳುವ ನೋಟಿಸ್) ಕೊಡುತ್ತೇವೆ ಅಂತಾರೆ. ಸೇರುವಾಗ ಕೊಟ್ಟ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ "ಕಂಪನಿ ಹೇಳಿದಾಗ ಹೆಚ್ಚುವರಿ ಕೆಲಸ ಮಾಡಬೇಕು" ಎಂದು ಒಂದು ಸಾಲು ಇದೆ. ಅದಕ್ಕೆ ನಾನು ಸಹಿ ಹಾಕಿದ್ದೇನೆ.

ನಾನು ಕೆಲಸಗಳ್ಳ ಅಲ್ಲ. ತುರ್ತು ಅಂದಾಗ ನಿಂತಿದ್ದೇನೆ, ಮುಂದೆಯೂ ನಿಲ್ಲುತ್ತೇನೆ. ಆದರೆ ಆಗಲ್ಲ ಅನ್ನುವ ಹಕ್ಕು ನನಗೆ ಇದೆಯಾ? ಇದ್ದರೆ ಹೇಗೆ ಹೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಟೆಕ್ ಪಾರ್ಕ್ ರಾತ್ರಿಪಾಳಿ

ಕೆಲಸ ಕಳೆದುಕೊಳ್ಳಬೇಡಿ ಅಣ್ಣ. ಮೊದಲು ಬೇರೆ ಕಡೆ ನೋಡಿಕೊಳ್ಳಿ, ಆಮೇಲೆ ಮಾತಾಡಿ. ನಮ್ಮಲ್ಲಿ ಮಾತಾಡಿದವರ ರೇಟಿಂಗ್ ಇಳಿಯಿತು.

ಹಳೆ ಯೂನಿಯನ್ ಕಾರ್ಯದರ್ಶಿ

ತಮ್ಮಾ, ಆ ಸಿಗ್ನಲ್‌ನ ಮಾತು ಓದಿ ಮನಸ್ಸಿಗೆ ಕಷ್ಟ ಆಯಿತು. ನಾನು ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿದ್ದೆ. ಹನ್ನೊಂದು ವರ್ಷ ಯೂನಿಯನ್ ಕೆಲಸ ನೋಡಿದೆ. ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಆಗಲ್ಲ ಅನ್ನುವ ಹಕ್ಕು ನಿನಗೆ ಇದೆ. ಮೊದಲು ಕಾರ್ಖಾನೆ ಕಾಯ್ದೆ 1948 ಇತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸದ ವೇಳೆಯ ವಿಷಯ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020ರಲ್ಲಿ ಬರುತ್ತದೆ. ಅದರ 25ನೇ ಸೆಕ್ಷನ್ ದಿನಕ್ಕೆ 8 ಗಂಟೆ ಅನ್ನುತ್ತದೆ. 26ನೇ ಸೆಕ್ಷನ್ ವಾರದಲ್ಲಿ 6 ದಿನಕ್ಕಿಂತ ಜಾಸ್ತಿ ದುಡಿಸಬಾರದು ಅನ್ನುತ್ತದೆ. ನಿನಗೆ ಬೇಕಾದ್ದು 27ನೇ ಸೆಕ್ಷನ್. ಅದರಲ್ಲಿ ಮೂರು ಮಾತು ಇದೆ. ಓಟಿಗೆ ಎರಡು ಪಟ್ಟು ಸಂಬಳ ಕೊಡಬೇಕು. ಓಟಿಯನ್ನು ದಿನದ ಲೆಕ್ಕದಲ್ಲೋ ವಾರದ ಲೆಕ್ಕದಲ್ಲೋ, ಕಾರ್ಮಿಕನಿಗೆ ಯಾವುದು ಲಾಭವೋ ಅದರಲ್ಲಿ ಎಣಿಸಬೇಕು. ಮೂರನೆಯದು, ಕಾರ್ಮಿಕ ಒಪ್ಪಿದರೆ ಮಾತ್ರ ಓಟಿ ಮಾಡಿಸಬಹುದು.

ಈ ಮೂರನೇ ಮಾತನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು ಅನ್ನುತ್ತೇನೆ. ಹೊಸ ಸಂಹಿತೆಗಳಲ್ಲಿ ನಾನು ಒಪ್ಪದ ವಿಷಯ ಬೇಕಾದಷ್ಟಿವೆ. ಇದೊಂದು ನಮ್ಮ ಪರವಾಗಿದೆ. ನಮ್ಮ ಕಾಲದಲ್ಲಿ ಇಷ್ಟು ನೇರವಾಗಿ ಬರೆದಿರಲಿಲ್ಲ.

ಇನ್ನು ಆ ಡೇಟ್ ಬದಲಾಯಿತು ಅನ್ನುವ ಕಥೆ. ಅದು ನಡೆಯಲ್ಲ. 28ನೇ ಸೆಕ್ಷನ್ ರಾತ್ರಿಪಾಳಿಗೇ ಇದೆ. ಶಿಫ್ಟ್ ನಡುರಾತ್ರಿ ದಾಟಿದರೆ, 12ರ ನಂತರದ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತವೆ. ಮುಂದಿನ ದಿನ ಅಂದರೆ ಶಿಫ್ಟ್ ಮುಗಿದ ಹೊತ್ತಿನಿಂದ 24 ಗಂಟೆ. ಕ್ಯಾಲೆಂಡರ್ ದಿನ ಅಲ್ಲ. ನಿನ್ನ ಲೆಕ್ಕ ಹಾಕಿ ನೋಡು. ರಾತ್ರಿಯ ಶಿಫ್ಟ್ ಬೆಳಗ್ಗೆ 6ಕ್ಕೆ ಮುಗಿಯಿತು. ನಿನ್ನ ಹೊಸ ದಿನ ಬೆಳಗ್ಗೆ 6ರಿಂದ ಮರುದಿನ ಬೆಳಗ್ಗೆ 6ರವರೆಗೆ. ಆ ಒಂದೇ ದಿನದಲ್ಲಿ 6ರಿಂದ 2ರವರೆಗೆ 8 ಗಂಟೆ ಮಾಡಿದೆ. ಮತ್ತೆ ರಾತ್ರಿ 10ರಿಂದ 8 ಗಂಟೆ ಮಾಡಿದೆ. ಒಟ್ಟು 16. ಅದರಲ್ಲಿ 8 ಗಂಟೆ ಓಟಿ. ಅವರು ಡೇಟನ್ನು ಹೇಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ 16 ಬಂದೇ ಬರುತ್ತದೆ.

ವಾರದ ರಜೆಗೂ ಇದೇ ನಿಯಮ. ಶನಿವಾರ ರಾತ್ರಿ ಶಿಫ್ಟ್ ಮಾಡಿದವನ ಭಾನುವಾರದ ರಜೆ ಬೆಳಗ್ಗೆ 6ಕ್ಕೆ ಶುರುವಾಗುತ್ತದೆ, ಸೋಮವಾರ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. ಭಾನುವಾರ ರಾತ್ರಿ 10ಕ್ಕೆ ಬಾ ಅಂದರೆ ರಜೆಯನ್ನು ಕಿತ್ತುಕೊಂಡ ಹಾಗೆ.

ಅಪಾಯಿಂಟ್‌ಮೆಂಟ್ ಲೆಟರ್‌ನ ಸಾಲು ನೋಡಿ ಹೆದರಬೇಡ. ಕಾನೂನು ಹೇಳುವುದು ಆ ಕೆಲಸಕ್ಕೆ ಕಾರ್ಮಿಕ ಒಪ್ಪಬೇಕು ಎಂದು. ಆರು ವರ್ಷದ ಹಿಂದೆ, ಕೆಲಸ ಸಿಕ್ಕರೆ ಸಾಕು ಅಂತ ಹಾಕಿದ ಸಹಿ ಇವತ್ತಿನ ಶಿಫ್ಟಿಗೆ ಒಪ್ಪಿಗೆ ಅಂತ ನಾನು ಒಪ್ಪಲ್ಲ. ಇದು ನನ್ನ ಅಭಿಪ್ರಾಯ. ಕಂಪನಿಯ ವಕೀಲರು ಬೇರೆ ಥರ ವಾದ ಮಾಡುತ್ತಾರೆ, ಅದಕ್ಕೂ ತಯಾರಿರು.

ಶಿಫ್ಟ್ ಇನ್‌ಚಾರ್ಜ್

ನಾನು ಆ ಕಡೆ ನಿಂತವನು. ಹಾಗಾಗಿ ಒಂದು ಮಾತು. ರಿಲೀವರ್ ಬರದಿದ್ದರೆ ಲೈನ್ ನಿಲ್ಲುತ್ತದೆ. ಮೇಲಿನವರು ನನ್ನನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ? ಎದುರಿಗೆ ಇರುವವನನ್ನೇ ಕೇಳಬೇಕು ಅಲ್ವಾ?

ಹಳೆ ಯೂನಿಯನ್ ಕಾರ್ಯದರ್ಶಿ

ಕೇಳಿ ಸರ್, ಕೇಳುವುದು ತಪ್ಪಲ್ಲ. ಆಗಲ್ಲ ಅಂದವನಿಗೆ ಶೋಕಾಸ್ ಕೊಡುವುದು ತಪ್ಪು. ಅಪರೂಪಕ್ಕೆ ಒಬ್ಬ ಬರದಿದ್ದರೆ ಅದು ತುರ್ತು. ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ಆದರೆ ಅದು ಜನ ಕಡಿಮೆ ಅಂತ ಅರ್ಥ. ರಜೆಗೆ ಬದಲಿ ಜನ ಇಡದೆ ಉಳಿಸಿದ ದುಡ್ಡು ಈ ಹುಡುಗನ ನಿದ್ದೆಯಿಂದ ಬರುತ್ತಿದೆ. ನೀವು ಮೇಲಿನವರಿಗೆ ಅದನ್ನು ಬರೆದು ಕೊಟ್ಟರೆ ನಿಮಗೂ ಒಳ್ಳೆಯದು. ತಿಂಗಳ ಮೊದಲೇ ಓಟಿಗೆ ಒಪ್ಪುವವರ ಪಟ್ಟಿ ಮಾಡಿ. ಇಷ್ಟ ಇದ್ದವರು ಹೆಸರು ಬರೆಸುತ್ತಾರೆ. ಕೊನೆಯ ಹತ್ತು ನಿಮಿಷದ ಜಗಳ ಅರ್ಧ ಕಡಿಮೆ ಆಗುತ್ತದೆ.

ಶಿಫ್ಟ್ ಇನ್‌ಚಾರ್ಜ್

ಪಟ್ಟಿಯ ಮಾತು ಸರಿ ಇದೆ. ಮಾಡಿ ನೋಡುತ್ತೇನೆ.

ಕಾಂಟ್ರಾಕ್ಟ್ ಹೆಲ್ಪರ್

ನೀವೆಲ್ಲ ಓಟಿ ಬೇಡ ಅಂತೀರಿ. ನಮಗೆ ಓಟಿ ಬೇಕು. ಓಟಿ ಇಲ್ಲದ ತಿಂಗಳು ಮನೆ ಬಾಡಿಗೆ ಕಟ್ಟಲು ಆಗಲ್ಲ. ಊರಿಗೆ ಕಳಿಸಲು ಏನೂ ಉಳಿಯಲ್ಲ. ದಯವಿಟ್ಟು ಓಟಿಯನ್ನೇ ನಿಲ್ಲಿಸುವ ಹಾಗೆ ಮಾಡಬೇಡಿ.

ಹಳೆ ಯೂನಿಯನ್ ಕಾರ್ಯದರ್ಶಿ

ನಿಮ್ಮ ಮಾತು ಪೂರ್ತಿ ಅರ್ಥ ಆಗುತ್ತದೆ. ನಾನೂ ಮಗಳ ಫೀಸಿಗೆ ಅಂತ ಓಟಿ ಮಾಡಿದವನೇ. ಬೇಕು ಅಂದವರಿಗೆ ಸಿಗಲಿ, ಬೇಡ ಅಂದವರಿಗೆ ಬಲವಂತ ಬೇಡ. ಇಬ್ಬರಿಗೂ ಎರಡು ಪಟ್ಟು ಸಿಗಲಿ. ನಾವು ಕೇಳುವುದು ಅಷ್ಟೇ.

ಎರಡು ಪಟ್ಟು ಯಾಕೆ ಅಂತಲೂ ತಿಳಿದುಕೊಳ್ಳಿ. 2020ರಲ್ಲಿ ಕೋವಿಡ್ ಸಮಯದಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆಗಳಿಗೆ 12 ಗಂಟೆ ದುಡಿಸಲು ಬಿಟ್ಟಿತು. ಓಟಿಗೆ ಎರಡು ಪಟ್ಟು ಬೇಡ, ಸಿಂಗಲ್ ಸಾಕು ಅಂದಿತು. ಗುಜರಾತ್ ಮಜ್ದೂರ್ ಸಭಾ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್ 1ರಂದು ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಮ್ಮ ಕರ್ನಾಟಕದಲ್ಲೂ ಅದೇ ವರ್ಷ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ಆದೇಶ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದ ಮೇಲೆ ಜೂನ್‌ನಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಎರಡು ಪಟ್ಟು ದುಬಾರಿ ಅನ್ನಿಸಿದರೆ ಮಾಲೀಕ ಇನ್ನೊಬ್ಬನಿಗೆ ಕೆಲಸ ಕೊಡಲಿ. ಸಿಂಗಲ್ ರೇಟಿಗೆ ಸಿಕ್ಕಿದರೆ ಹೊಸಬರನ್ನು ಯಾಕೆ ತೆಗೆದುಕೊಳ್ಳುತ್ತಾರೆ?

ಎಂಟು ಗಂಟೆ ಸುಮ್ನೆ ಬಂದಿದ್ದಲ್ಲ. 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಡಾ. ಅಂಬೇಡ್ಕರ್ ಅವರು ಇದನ್ನು ಮುಂದೆ ತಂದರು. 1946ರ ತಿದ್ದುಪಡಿಯಿಂದ ಕಾರ್ಖಾನೆಗಳಲ್ಲಿ ವಾರಕ್ಕೆ 48 ಗಂಟೆ ಆಯಿತು. ಅದಕ್ಕೂ ಮೊದಲು 1919ರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಬೇರೆಯವರಿಗೆ ವಾರಕ್ಕೆ 48 ಅಂತ ಬರೆದು, ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ 60 ಅಂತ ಬರೆದಿದ್ದರು. ಆ 60 ಹೋಗಿ 48 ಆಗಲು ಒಂದು ತಲೆಮಾರು ಕಳೆಯಿತು. ಅದಕ್ಕೇ ಇದನ್ನು ಸುಲಭವಾಗಿ ಬಿಟ್ಟುಕೊಡಬಾರದು ಅನ್ನುತ್ತೇನೆ.

ಕಾಂಟ್ರಾಕ್ಟ್ ಅಂತ ಹಿಂಜರಿಯಬೇಡಿ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ, ಕಡಿಮೆ ಕೊಟ್ಟರೆ, ನೀವು ದುಡಿಯುವ ಕಂಪನಿಯೇ ಅದನ್ನು ತುಂಬಿಕೊಡಬೇಕು.

ಪೇರೋಲ್ ಮೇಜು

ಹದಿನಾಲ್ಕು ವರ್ಷದಿಂದ ಸಂಬಳದ ಲೆಕ್ಕ ಮಾಡುತ್ತಿದ್ದೇನೆ. ಪ್ಯಾಕಿಂಗ್ ಅಣ್ಣನಿಗೆ ಲೆಕ್ಕ ತೋರಿಸುತ್ತೇನೆ. ನಿಮ್ಮ ಸಂಬಳ ಗೊತ್ತಿಲ್ಲ, ಉದಾಹರಣೆಗೆ ಬೇಸಿಕ್ ಮತ್ತು ಡಿಎ ಸೇರಿ 15,600 ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಗಂಟೆಗೆ 75. ಓಟಿ ಗಂಟೆಗೆ 150. ಒಂದು ಪೂರ್ತಿ ಶಿಫ್ಟಿಗೆ 1,200 ಬರಬೇಕು. ಅವರು ಕೊಟ್ಟಿದ್ದು 600. ವಾರಕ್ಕೆ ಎರಡರಂತೆ 17 ವಾರಕ್ಕೆ 34 ಶಿಫ್ಟ್. ನಿಮಗೆ ಇನ್ನೂ 20,400 ಬರಬೇಕು. ಸಣ್ಣ ಮೊತ್ತ ಅಲ್ಲ.

ಪೇ ಸ್ಲಿಪ್‌ನಲ್ಲಿ ಇನ್ನೊಂದು ನೋಡಿಕೊಳ್ಳಿ. ಕೆಲವು ಕಡೆ ಬೇಸಿಕ್ ತುಂಬಾ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆ ಅಂತ ಹಾಕುತ್ತಾರೆ. ಓಟಿ ರೇಟ್ ಇಳಿಸುವ ದಾರಿ ಅದು. ವೇತನ ಸಂಹಿತೆ 2019ರಲ್ಲಿ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ಸಂಬಳಕ್ಕೇ ಸೇರುತ್ತದೆ. ಅದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಹೆಲ್ಪರ್ ತಮ್ಮನಿಗೂ ಒಂದು ಮಾತು. ಓಟಿ ದುಡ್ಡಿಗೆ ಪಿಎಫ್ ಕಟ್ಟುವುದಿಲ್ಲ. ಗ್ರಾಚ್ಯುಟಿಗೂ ಅದು ಲೆಕ್ಕ ಇಲ್ಲ. ಹತ್ತು ವರ್ಷ ಓಟಿಯ ಮೇಲೇ ಮನೆ ನಡೆಸಿದವರು ಕೊನೆಗೆ ಸೆಟಲ್‌ಮೆಂಟ್ ನೋಡಿ ಕಣ್ಣೀರು ಹಾಕಿದ್ದನ್ನು ನಾನು ಈ ಮೇಜಿನ ಈ ಕಡೆಯಿಂದ ನೋಡಿದ್ದೇನೆ. ಬೇಸಿಕ್ ಏರಿಸಲು ಕೇಳಿ. ಕಷ್ಟ ಅಂತ ಗೊತ್ತು, ಆದರೂ ಕೇಳಿ.

ಹೊಲಿಗೆ ಲೈನ್ 4

ನಾನು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದವಳು. ನಮ್ಮಲ್ಲಿ ಬೇರೆ ಥರ. ಐದೂವರೆಗೆ ಪಂಚ್ ಔಟ್ ಮಾಡಿಸುತ್ತಿದ್ದರು. ಮತ್ತೆ ಒಳಗೆ ಕರೆದು ಮಷಿನ್ ಮುಂದೆ ಕೂರಿಸುತ್ತಿದ್ದರು. ಟಾರ್ಗೆಟ್ ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಏಳಾಗುತ್ತಿತ್ತು, ಕೆಲವೊಮ್ಮೆ ಏಳೂವರೆ. ದಾಖಲೆಯಲ್ಲಿ ನಾವು ಮನೆಗೆ ಹೋಗಿದ್ದೇವೆ. ಮಗು ಪಕ್ಕದ ಮನೆಯಲ್ಲಿ ಕಾಯುತ್ತಾ ಕೂತಿರುತ್ತಿತ್ತು. ಸೂಪರ್‌ವೈಸರ್ ಬೈಗುಳ ಬೇರೆ, ಅದನ್ನು ಇಲ್ಲಿ ಬರೆಯಲು ಆಗಲ್ಲ.

ನಾವು ಏನು ಮಾಡಿದೆವು ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಒಬ್ಬಳು ಅಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟಳು. ಪ್ರತಿದಿನ ತಾರೀಖು, ಪಂಚ್ ಮಾಡಿದ ಹೊತ್ತು, ನಿಜವಾಗಿ ಎದ್ದ ಹೊತ್ತು, ಯಾರು ಹೇಳಿದರು ಎಲ್ಲ ಬರೆದಳು. ನಾವು ಏಳು ಜನ ಅದೇ ಥರ ಬರೆದೆವು. ಗೇಟಿಂದ ಹೊರಗೆ ಬಂದ ತಕ್ಷಣ ಮನೆಯವರಿಗೆ "ಈಗ ಬಿಟ್ಟರು" ಅಂತ ವಾಟ್ಸಾಪ್ ಮೆಸೇಜ್ ಹಾಕುತ್ತಿದ್ದೆವು. ಆ ಮೆಸೇಜಿನ ಹೊತ್ತು ಫೋನಿನಲ್ಲಿ ಉಳಿಯುತ್ತದೆ ಅಲ್ವಾ? ಎರಡು ತಿಂಗಳು ಹೀಗೆ ಮಾಡಿ, ಯೂನಿಯನ್ ಮೂಲಕ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. ವಿಚಾರಣೆಯ ದಿನ ಕಂಪನಿಯವರು ಪಂಚ್ ಶೀಟ್ ತೋರಿಸಿದರು. ನಾವು ಏಳು ನೋಟ್‌ಬುಕ್ ಇಟ್ಟೆವು. ಏಳರಲ್ಲೂ ಒಂದೇ ಹೊತ್ತು. ಸಾಹೇಬರು ಬಹಳ ಹೊತ್ತು ಅವನ್ನೇ ತಿರುವಿ ಹಾಕಿದರು. ಪೂರ್ತಿ ಬಾಕಿ ಬರಲಿಲ್ಲ. ಆದರೆ ಪಂಚ್ ಔಟ್ ಆದ ಮೇಲೆ ಕೂರಿಸುವುದು ನಿಂತಿತು. ನನಗೆ ಅದೇ ದೊಡ್ಡದು.

ಹೆಣ್ಣುಮಕ್ಕಳಿಗೆ ಇನ್ನೊಂದು ಇದೆ. ಸಂಜೆ 7ರ ನಂತರ, ಬೆಳಗ್ಗೆ 6ಕ್ಕಿಂತ ಮೊದಲು ಕೆಲಸ ಮಾಡಿಸಬೇಕಾದರೆ ನಮ್ಮ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಇರಬೇಕು.

ಶೋರೂಮ್ ಸೇಲ್ಸ್

ನಾವು ಕಾರ್ಖಾನೆ ಅಲ್ಲ, ಅಂಗಡಿ. ನಮಗೆ ಏನಾದರೂ ಇದೆಯಾ? ಹಬ್ಬ ಬಂದರೆ 13 ಗಂಟೆ ನಿಲ್ಲಿಸುತ್ತಾರೆ.

ಪೇರೋಲ್ ಮೇಜು

ಇದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961. ದಿನಕ್ಕೆ 9 ಗಂಟೆ, ವಾರಕ್ಕೆ 48. ಓಟಿ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು. ಮೂರು ತಿಂಗಳಿಗೆ ಓಟಿ 50 ಗಂಟೆ ಮಾತ್ರ. ಅದಕ್ಕೂ ಎರಡು ಪಟ್ಟು. 2025ರ ಜೂನ್‌ನಲ್ಲಿ ಈ 9ನ್ನು 10ಕ್ಕೆ, 50ನ್ನು 144ಕ್ಕೆ ಏರಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘಗಳು ಜೋರಾಗಿ ವಿರೋಧ ಮಾಡಿದವು. 13 ಗಂಟೆ ಯಾವ ಲೆಕ್ಕದಲ್ಲೂ ಸರಿ ಅಲ್ಲ.

ಟೆಕ್ ಪಾರ್ಕ್ ರಾತ್ರಿಪಾಳಿ

ಮೇಲೆ ನಾನು ಬರೆದದ್ದು ಸ್ವಲ್ಪ ಹೆದರಿಕೆಯಿಂದ ಬರೆದದ್ದು. ಕ್ಷಮಿಸಿ ಅಣ್ಣ. ಐಟಿಗೆ ಇದು ಯಾವುದೂ ಅನ್ವಯಿಸಲ್ಲ, ಸರ್ಕಾರ ವಿನಾಯಿತಿ ಕೊಟ್ಟಿದೆ ಅಂತ ನಮ್ಮ ಎಚ್‌ಆರ್ ಹೇಳಿದ್ದರು. ನಿಜವಾ?

ಪೇರೋಲ್ ಮೇಜು

ಪೂರ್ತಿ ನಿಜ ಅಲ್ಲ. ಕರ್ನಾಟಕ ಕೊಟ್ಟ ವಿನಾಯಿತಿ ಸ್ಥಾಯಿ ಆದೇಶಗಳ ಕಾನೂನಿನಿಂದ, ಅಂದರೆ ಕೆಲಸದ ಷರತ್ತು, ಶಿಸ್ತಿನ ನಿಯಮಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಕಾನೂನಿನಿಂದ. ಕೆಲಸದ ವೇಳೆ, ಓಟಿ ಅದರಲ್ಲಿ ಬರುವುದಿಲ್ಲ. ಆದರೆ ನಿಮ್ಮ ಕೆಲಸದ ಸ್ವರೂಪ ನೋಡಬೇಕು. ಮ್ಯಾನೇಜರ್ ಥರದ ಕೆಲಸ ಮಾಡುವವರು ಕಾರ್ಮಿಕ ಅನ್ನುವ ವ್ಯಾಖ್ಯೆಗೆ ಬರುವುದಿಲ್ಲ. ಸೂಪರ್‌ವೈಸರ್ ಕೆಲಸ ಮಾಡುತ್ತಾ ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳ ಪಡೆಯುವವರೂ ಬರುವುದಿಲ್ಲ. ಕಾರ್ಡಿನ ಮೇಲೆ ಬರೀ ಹೆಸರಿಗೆ ಮ್ಯಾನೇಜರ್ ಅಂತ ಇದ್ದರೆ ಸಾಲದು. ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನುವುದೇ ಮುಖ್ಯ.

ಪ್ಯಾಕಿಂಗ್ ಸೆಕ್ಷನ್

ಎಲ್ಲರಿಗೂ ತುಂಬಾ ಧನ್ಯವಾದ. ಮಧ್ಯೆ ಒಂದು ಡೌಟ್. ಇವತ್ತು ಎಚ್‌ಆರ್ ಕರೆದು "2023ರಿಂದ ದಿನಕ್ಕೆ 12 ಗಂಟೆ ಲೀಗಲ್ ಆಗಿದೆ, ನಿನಗೆ ಗೊತ್ತಿಲ್ಲ" ಅಂದರು. ನಮ್ಮ ಸೆಕ್ಷನ್ ಹುಡುಗರು ಸಿಟ್ಟಲ್ಲಿದ್ದಾರೆ. ಎಲ್ಲರೂ ಒಟ್ಟಿಗೆ ಒಂದು ದಿನ ರಜೆ ಹಾಕೋಣ, ಆಗ ಗೊತ್ತಾಗುತ್ತದೆ ಅಂತಿದ್ದಾರೆ.

ಹಳೆ ಯೂನಿಯನ್ ಕಾರ್ಯದರ್ಶಿ

ತಮ್ಮಾ, ಆ ರಜೆ ಮಾತ್ರ ಹಾಕಬೇಡಿ. ಮೊದಲು ಅದನ್ನು ಹೇಳುತ್ತೇನೆ. ಕೈಗಾರಿಕಾ ಸಂಬಂಧ ಸಂಹಿತೆ 2020ರ ಪ್ರಕಾರ ಶೇ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನದ ನೋಟಿಸ್ ಕೊಡಬೇಕು. ಕೊಡದಿದ್ದರೆ ಅದು ಕಾನೂನುಬಾಹಿರ. ಇಷ್ಟು ಹೊತ್ತು ತಪ್ಪು ಅವರದಾಗಿತ್ತು. ಒಂದು ದಿನದ ಸಿಟ್ಟಿಗೆ ಅದನ್ನು ನಿಮ್ಮ ತಲೆಗೆ ಎಳೆದುಕೊಳ್ಳಬೇಡಿ.

ಇನ್ನು ಆ 12 ಗಂಟೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿದ್ದು ನಿಜ. ವಿರಾಮವೂ ಸೇರಿ ದಿನಕ್ಕೆ 12 ಗಂಟೆವರೆಗೆ ಅಂತ ಬಂತು. ಆದರೆ ವಾರಕ್ಕೆ 48 ದಾಟಬಾರದು, ಕಾರ್ಮಿಕ ಬರೆದು ಒಪ್ಪಿಗೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ನಾಲ್ಕು ದಿನ ಉದ್ದ ಕೆಲಸ, ಮೂರು ದಿನ ರಜೆ ಅನ್ನುವ ಲೆಕ್ಕ ಅದು. ಮೂರು ತಿಂಗಳ ಓಟಿ ಮಿತಿ 75ರಿಂದ 144 ಗಂಟೆಗೆ ಏರಿದ್ದೂ ಆಗಲೇ. ನೀನು ವಾರಕ್ಕೆ 16 ಗಂಟೆ ಓಟಿ ಮಾಡಿದ್ದೀಯ. 13 ವಾರಕ್ಕೆ 208 ಗಂಟೆ. ಆ 144ನ್ನೂ ದಾಟಿದೆ. ಎಚ್‌ಆರ್ ತೋರಿಸಿದ ಕಾನೂನಿನಲ್ಲೇ ಅವರು ತಪ್ಪಿದ್ದಾರೆ. ಇದನ್ನು ಜಗಳ ಮಾಡದೆ, ಕಾಗದದ ಮೇಲೆ ಬರೆದು ಕೊಡು.

ಆಗಲ್ಲ ಅನ್ನುವ ರೀತಿಯೂ ಮುಖ್ಯ. ಓಡುತ್ತಿರುವ ಮಷಿನ್ ಬಿಟ್ಟು ಎದ್ದು ಹೋಗಬೇಡ. ಯಾರ ಮೇಲೂ ಕೂಗಾಡಬೇಡ. ನಿನ್ನ ಶಿಫ್ಟ್ ಪೂರ್ತಿ ಮಾಡು, ಚಾರ್ಜ್ ಒಪ್ಪಿಸು. ಸೂಪರ್‌ವೈಸರ್‌ಗೆ ಮೆಸೇಜ್ ಹಾಕು: "ನನ್ನ 8 ಗಂಟೆ ಮುಗಿದಿದೆ. ಈ ಹೊತ್ತು ಓಟಿ ಮಾಡಲು ನಾನು ಒಪ್ಪುವುದಿಲ್ಲ. ಚಾರ್ಜ್ ಇಂಥವರಿಗೆ ಕೊಟ್ಟಿದ್ದೇನೆ." ಇಷ್ಟೇ ಸಾಕು. ಶೋಕಾಸ್ ಬಂದರೆ ತೆಗೆದುಕೊಂಡು ಉತ್ತರ ಕೊಡು. ಸುಮ್ಮನಿರಬೇಡ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ ಬರೆದುಕೊಳ್ಳುತ್ತಾರೆ.

ಬಾಕಿ ದುಡ್ಡಿಗೆ ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು. ನೀನೇ ಹಾಕಬಹುದು, ಯೂನಿಯನ್ ಹಾಕಬಹುದು. ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಕಂಪನಿಯದೇ. ಕೆಲಸದಿಂದಲೇ ತೆಗೆದರೆ ಬಾಕಿಯನ್ನೆಲ್ಲ ಎರಡು ಕೆಲಸದ ದಿನದೊಳಗೆ ಕೊಡಬೇಕು. ವಜಾ ಪ್ರಶ್ನೆ ಮಾಡಲು ಎರಡು ವರ್ಷ ಇದೆ. ಆದರೆ ಅಷ್ಟು ಕಾಯಬೇಡ, ಅದೇ ವಾರ ಹೋಗು. ಬೆಂಗಳೂರಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳು. ಇಲಾಖೆಯ ಸಹಾಯವಾಣಿ 155214. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಕೈಗಾರಿಕಾ ಕಾರ್ಮಿಕರಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಉಚಿತ ನೆರವು ಕೊಡಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಪ್ಯಾಕಿಂಗ್ ಸೆಕ್ಷನ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ರಜೆ ಹಾಕಲಿಲ್ಲ. ಹನ್ನೊಂದು ಜನ ಸಹಿ ಹಾಕಿ ಒಂದು ಪತ್ರ ಕೊಟ್ಟೆವು. ಒಪ್ಪಿದವರಿಗೆ ಮಾತ್ರ ಓಟಿ, ಎರಡು ಪಟ್ಟು ಸಂಬಳ, ನಾಲ್ಕು ತಿಂಗಳ ಬಾಕಿ, ಈ ಮೂರನ್ನು ಕೇಳಿದೆವು. 208 ಗಂಟೆಯ ಲೆಕ್ಕವನ್ನೂ ಜೊತೆಗೆ ಇಟ್ಟೆವು. ಎಚ್‌ಆರ್ ಮೊದಲು ತೆಗೆದುಕೊಳ್ಳಲ್ಲ ಅಂದರು. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಅಕ್ನಾಲೆಜ್‌ಮೆಂಟ್ ಕೈಗೆ ಬಂತು.

ಈಗ ಸೂಪರ್‌ವೈಸರ್ ಬಳಿ ಒಂದು ರಿಜಿಸ್ಟರ್ ಇದೆ. ಓಟಿಗೆ ಒಪ್ಪುವವರು ಹಿಂದಿನ ದಿನವೇ ಸಹಿ ಹಾಕುತ್ತಾರೆ. ನಾನು ಈ ಮೂರು ವಾರದಲ್ಲಿ ಒಂದೇ ಸಲ ಹಾಕಿದೆ, ಮನಸ್ಸಿಟ್ಟು ಹಾಕಿದೆ. ಬಾಕಿಯ ಬಗ್ಗೆ ಇನ್ನೂ ಉತ್ತರ ಇಲ್ಲ. ಸೋಮವಾರ ಕಾರ್ಮಿಕ ಭವನಕ್ಕೆ ಹೋಗುತ್ತಿದ್ದೇವೆ. ಹೊಲಿಗೆ ಲೈನ್ ಅಕ್ಕಾ, ನಿಮ್ಮ ಥರವೇ ನೋಟ್‌ಬುಕ್ ಇಟ್ಟಿದ್ದೇವೆ. ಹಳೆಯ ನಾಲ್ಕು ತಿಂಗಳದ್ದು ಮಾತ್ರ ಬರೆದಿಲ್ಲ. ಅದಕ್ಕೆ ಏನು ತೋರಿಸಲಿ?

ಹೊಲಿಗೆ ಲೈನ್ 4

ಫೋನ್ ನೋಡಿ. ಮನೆಗೆ ಹಾಕಿದ ಮೆಸೇಜ್, "ಲೇಟ್ ಆಗುತ್ತದೆ, ಊಟ ಮಾಡಿ" ಅಂತ ಹೇಳಿದ್ದು, ಬೆಳಗಿನ ಕ್ಯಾಂಟೀನ್ ಟೋಕನ್‌ಗೆ ಫೋನಿನಲ್ಲಿ ದುಡ್ಡು ಕಟ್ಟಿದ್ದು, ಎಲ್ಲದರಲ್ಲೂ ತಾರೀಖು, ಹೊತ್ತು ಇರುತ್ತದೆ. ಹನ್ನೊಂದು ಜನರದ್ದೂ ಸೇರಿಸಿ.

ಪೇರೋಲ್ ಮೇಜು

ಪೇ ಸ್ಲಿಪ್‌ಗಳನ್ನೂ ಒಯ್ಯಿರಿ. ಆ ಶಿಫ್ಟ್‌ಗಳಿಗೆ ಒಂದು ದಿನದ ಸಂಬಳ ಸೇರಿಸಿದ್ದಾರೆ ಅಂದಿರಿ ಅಲ್ವಾ? ತಿಂಗಳಿಗೆ 26 ದಿನದ ಕಡೆ 34 ದಿನ ಅಂತ ಅವರೇ ಬರೆದು ಕೊಟ್ಟಿದ್ದಾರೆ. ಯಾವ ತಿಂಗಳಲ್ಲೂ 34 ದಿನ ಇಲ್ಲ. ಆ ಕಾಗದವನ್ನೇ ಮೊದಲು ಮೇಜಿನ ಮೇಲೆ ಇಡಿ. ಮೂಲ ಪ್ರತಿ ಕೈಯಲ್ಲಿ ಇಟ್ಟುಕೊಂಡು ಜೆರಾಕ್ಸ್ ಮಾತ್ರ ಕೊಡಿ.